ಪುಲಿಯಾ ಕೆಳಗಿನ ಬಸುರಿ

ಮುಲುಂಡ್ ಪೂರ್ವದ ನವಕಿರಣ ಸೊಸೈಟಿಯಲ್ಲಿ ಗಂಗುಬಾಯಿಯ ಬಾಯಿಗೆ ಹೆದರದ ಮನೆ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಸ ಹೊಡೆಯುವ ಹೆಂಗಸು. ನಾಲ್ಕನೇ ಮಾಳಿಗೆಯಿಂದ ಯಾರಾದರೂ ಮಾವಿನ ಸಿಪ್ಪೆ ಕೆಳಗೆ ಎಸೆದರೋ, ಕಸಬರಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ತಲೆ ಎತ್ತಿ, ಮರಾಠಿಯಲ್ಲಿ ಸುರುಮಾಡಿ, ಹಿಂದಿಯಲ್ಲಿ ಬೆಳೆಸಿ, ಕೊನೆಗೆ ವಿಜಾಪುರದ ಕನ್ನಡದಲ್ಲಿ ಮುಗಿಸುವಳು. ಕನ್ನಡ ಬಾರದವರಿಗೂ ಆ ಕೊನೆಯ ಭಾಗ ಚೆನ್ನಾಗಿ ತಿಳಿಯುತ್ತಿತ್ತು. ಅಂಥವಳು ಒಂದು ಮೇ ತಿಂಗಳ ಕೊನೆಯ ಮಂಗಳವಾರ ಸುಮಾರು ಮೂರು ತಾಸು ತುಟಿ ಪಿಟಕ್ಕೆನ್ನದೆ ಸೊಸೈಟಿಯ ಹಿಂದಿನ ನಾಲಾದಲ್ಲಿ, ಆ ದೊಡ್ಡ ಗಟಾರದಲ್ಲಿ, ಕೂತಿದ್ದಳು ಅಂದರೆ ಯಾರೂ ನಂಬುವುದಿಲ್ಲ. ಹಾಗೆ ಕೂಡಿಸಿದವರನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವಳು ಇಂಡಿ ತಾಲೂಕಿನವಳು. ಹದಿನೆಂಟಕ್ಕೆ ಲಗ್ನ. ಹುಡುಗನಿಗೆ ಮುಂಬೈನಲ್ಲಿ ನೌಕರಿ ಅಂತ ಹೇಳಿ ಕೊಟ್ಟಿದ್ದರು. ಸೊಲ್ಲಾಪುರದಲ್ಲಿ ರೈಲು ಹತ್ತಿ ಬಂದು ನೋಡಿದರೆ ನೌಕರಿ ಅಂದರೆ ನಾಲಾ ಸಫಾಯಿ, ಅದೂ ಗುತ್ತಿಗೆದಾರನ ಕೈಕೆಳಗೆ. ಗಂಡ ಸಂಗಪ್ಪ ಬೆಳಿಗ್ಗೆ ಗಟಾರಕ್ಕೆ ಇಳಿದರೆ ಮಧ್ಯಾಹ್ನ ಎದೆಮಟ್ಟ ಕರೀ ರಾಡಿ ಬಳಿದುಕೊಂಡು ಮೇಲೆ ಬರುವನು. ಗಂಬೂಟು ಕೊಡುತ್ತೇವೆ, ನಾಳೆ ಕೊಡುತ್ತೇವೆ ಅಂತ ಗುತ್ತಿಗೆದಾರರು ಹೇಳಿದ್ದೇ ಹೇಳಿದ್ದು. ಒಬ್ಬ ಹೋಗಿ ಇನ್ನೊಬ್ಬ ಬಂದ, ಇಪ್ಪತ್ತಾರು ವರ್ಷ ಕಳೆಯಿತು, ಗಂಬೂಟು ಬರಲಿಲ್ಲ. ಬಂದದ್ದು ಇಲಿಜ್ವರ. ಹೆಗ್ಗಣದ ಉಚ್ಚೆ ಬೆರೆತ ನೀರು ಅಂಗಾಲಿನ ಒಡಕಿನಿಂದ ಒಳಗೆ ಹೊಕ್ಕು ಬರುವ ಜ್ವರ. ಮುಂಬೈನಲ್ಲಿ ಎಲ್ಲರೂ ಲೆಪ್ಟೋ ಅನ್ನುತ್ತಾರೆ. ಆಗಸ್ಟಿನ ಮಳೆಯಲ್ಲಿ ಸಂಗಪ್ಪ ಆರು ದಿನ ಮಲಗಿದ, ಏಳನೇ ದಿನ ಹೋದ. ನಾಲಾದ ಆಚೆ ದಂಡೆಯ ಅವರ ಝೋಪಡಪಟ್ಟಿಯಲ್ಲಿ ಅದೇ ತಿಂಗಳು ಇನ್ನೂ ಮೂರು ಹೆಣ ಎದ್ದವು. ಈಚೆ ದಂಡೆಯ ಸೊಸೈಟಿಯಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಗಪ್ಪ್ಯಾನ ವಿದ್ಯೆಯನ್ನೆಲ್ಲ ಗಂಗುಬಾಯಿಗೆ ಹೇಳಿಕೊಟ್ಟವನು ಸಂಗಪ್ಪನೇ. ಗಪ್ಪ್ಯಾ ಅಂದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನ ಕೆಸರಿನಲ್ಲಿ ಹೊಂಚು ಹಾಕಿ ಬದುಕುವ ಪ್ರಾಣಿ. ಒಬ್ಬ ಆಳು ಮಲಗಿದಷ್ಟು ಉದ್ದ, ದಪ್ಪ ಮಾತ್ರ ಮಡಚಿಟ್ಟ ಕೌದಿಯಷ್ಟು. ಮೈತುಂಬ ಲೋಳೆ, ಆ ಲೋಳೆಗೆ ಬಂದದ್ದೆಲ್ಲ ಅಂಟಬೇಕು. ಖಾಡಿಯಲ್ಲಿದ್ದರೆ ಬೆನ್ನ ಮೇಲೆ ಕೊಳೆತ ಎಲೆ. ನಾಲಾದಲ್ಲಿದ್ದರೆ ವೇಫರಿನ ಪಾಕೀಟು, ಹಾಲಿನ ಚೀಲ, ಗಣಪತಿಗೆ ಹಾಕಿದ ಹಾರದ ದಾರ. ಪಕ್ಕದಲ್ಲೇ ನಿಂತರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ತಲೆಯ ಮೇಲೆ ಎರಡು ಗುಲಗಂಜಿಯಂಥ ಕಣ್ಣು. ನಿಂತದ್ದು ಆ ಕಣ್ಣಿಗೆ ಕಾಣದು, ಅಲ್ಲಾಡಿದ್ದು ಮಾತ್ರ ಕಾಣುತ್ತದೆ. ಕೆಳದುಟಿಯ ಅಂಚಿಗೆ ಗಡುಸು ಮೀಸೆ. ಅದನ್ನು ಕೆಸರಿನಲ್ಲಿ ಊರಿ ಮಲಗಿತೆಂದರೆ ಹೆಗ್ಗಣ ಇಪ್ಪತ್ತು ಮೊಳ ದೂರವಿರುವಾಗಲೇ ಅದಕ್ಕೆ ಸುದ್ದಿ ಹತ್ತುತ್ತದೆ.

ಬೆನ್ನಟ್ಟಿ ಹಿಡಿಯುವುದು ಅದರ ಜಾತಿಯಲ್ಲೇ ಇಲ್ಲ. ಹಿಂಗಾಲು ಹೆಸರಿಗೆ ಮಾತ್ರ, ಒಂದು ಮೆಟ್ಟಿಲು ಹತ್ತಲಾರದು. ಇರುವ ಬಲವೆಲ್ಲ ದವಡೆಯಲ್ಲಿ. ಕವಣೆ ಎಳೆದು ಹಿಡಿದ ಹಾಗೆ ದವಡೆಯನ್ನು ಎಳೆದಿಟ್ಟುಕೊಂಡು ಕಾಯುತ್ತದೆ. ಒಂದೂವರೆ ಮೊಳದೊಳಗೆ ಬಂದದ್ದಕ್ಕೆ ಒಂದೇ ಏಟು. ಅದು ತಪ್ಪಿತೋ, ದವಡೆ ಮತ್ತೆ ಎಳೆದುಕೊಳ್ಳಲಿಕ್ಕೆ ಪೂರ್ತಿ ಒಂದು ದಿನ ಬೇಕು. ಅಲ್ಲಿಯವರೆಗೆ ಬಾಯಲ್ಲಿ ಕೈ ಇಟ್ಟರೂ ಕಚ್ಚಲಾರದು. ಅದಕ್ಕೇ ಸಿಕ್ಕಸಿಕ್ಕಲ್ಲಿ ಬಾಯಿ ಹಾಕಿ ಏಟು ಹಾಳು ಮಾಡಿಕೊಳ್ಳುವುದಿಲ್ಲ. ಹೆಗ್ಗಣದ ತೂಕದ ಹೆಜ್ಜೆ ಬಂದರೆ ಸರಿ. ಮನುಷ್ಯನ ಹೆಜ್ಜೆಯ ಭಾರ ತಿಳಿಯಿತೋ, ಇನ್ನಷ್ಟು ಕೆಸರಿಗೆ ಹೂತುಕೊಳ್ಳುತ್ತದೆ. ಒಂದು ಹೆಗ್ಗಣ ನುಂಗಿದರೆ ನಾಲ್ಕು ದಿನ ಊಟದ ಚಿಂತೆ ಇಲ್ಲ.

"ಗಪ್ಪ್ಯಾ ಇದ್ದ ಗಟಾರಕ್ಕ ನಾ ಕಣ್ಣ ಮುಚ್ಚಿ ಇಳೀತೀನಿ" ಅನ್ನುತ್ತಿದ್ದ ಸಂಗಪ್ಪ. "ಅದು ಇಲ್ಲದ ಗಟಾರಕ್ಕ ಅಂಜಬೇಕು ನೋಡು."

ವರ್ಷದಲ್ಲಿ ಒಂದು ದಿನ ಮಾತ್ರ ಅದಕ್ಕೂ ಅಂಜಬೇಕು. ಹೆಣ್ಣು ಗಪ್ಪ್ಯಾ ಬೇಸಿಗೆಯಲ್ಲಿ ತತ್ತಿಗಳನ್ನು ಬಾಯೊಳಗೇ ಇಟ್ಟುಕೊಂಡು ನಲವತ್ತು ದಿನ ಉಪವಾಸ ಮಲಗುತ್ತದೆ. ಗಂಟಲು ಚೀಲದ ಹಾಗೆ ಉಬ್ಬುತ್ತದೆ, ತುಟಿಗೆ ತುಟಿ ಅಂಟಿಕೊಂಡು ಹೊಲಿಗೆ ಹಾಕಿದಂತಾಗುತ್ತದೆ. ಹೆಗ್ಗಣ ಬೆನ್ನ ಮೇಲೆ ಹಾದುಹೋದರೂ ಕೇಳುವಂತಿಲ್ಲ. ಮರಿಗಳನ್ನು ಹೊರಗೆ ಬಿಟ್ಟ ದಿನ ನಲವತ್ತು ದಿನದ ಹಸಿವು ಒಮ್ಮೆಲೇ ಏಳುತ್ತದೆ. ಆವತ್ತು ಅದಕ್ಕೆ ಹೆಗ್ಗಣವೂ ಒಂದೇ, ಮನುಷ್ಯನ ಕೈಯೂ ಒಂದೇ. ಖಾಡಿಯಲ್ಲಿ ಏಡಿ ಹಿಡಿಯುವ ಒಬ್ಬ ಹೆಂಗಸು ಅಂಥ ದಿನ ಮೂರು ಬೆರಳು ಕಳೆದುಕೊಂಡದ್ದನ್ನು ಸಂಗಪ್ಪ ಕಣ್ಣಾರೆ ಕಂಡಿದ್ದ.

ಇಂಥ ಪ್ರಾಣಿ ಖಾಡಿ ಬಿಟ್ಟು ಸೊಸೈಟಿಯ ಹಿಂಗೋಡೆಯವರೆಗೆ ಬರಲು ಕಾರಣ ಯಾರು ಅಂತ ಕೇಳಿದರೆ, ಮುಚ್ಚುಮರೆ ಯಾಕೆ, ಗಂಗುಬಾಯಿಯೇ. ಗಂಡ ಇದ್ದಾಗ ಎಳ್ಳ ಅಮಾವಾಸ್ಯೆಗೆ ತಪ್ಪದೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಬರುತ್ತಿದ್ದರು. ಬೆಳೆ ಹೊತ್ತು ನಿಂತ ಭೂಮಿ ಅಂದರೆ ಬಸುರಿ, ಅವಳ ಬಯಕೆ ತೀರಿಸಬೇಕು. ಅದಕ್ಕೆ ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಲಸಿ ಹೊಲದ ನಾಲ್ಕೂ ಕಡೆ ಎರಚುವುದು. ಸಂಗಪ್ಪ ಹೋದ ಮೇಲೆ ಊರಿನಲ್ಲಿ ಬಾ ಅನ್ನುವವರಿಲ್ಲ. ಚರಗ ಚೆಲ್ಲದೆ ಬಿಡಲಿಕ್ಕೆ ಗಂಗುಬಾಯಿಗೆ ಮನಸ್ಸಿಲ್ಲ. ಎರಡು ದಂಡೆಗೂ ನಡುವೆ ಒಂದು ಸಣ್ಣ ಸೇತುವೆ ಇದೆ, ಎಲ್ಲರೂ ಪುಲಿಯಾ ಅನ್ನುತ್ತಾರೆ. ಅದರ ಪಕ್ಕದಲ್ಲಿ ಯಾರೋ ಹಾಕಿದ ಪಾಲಕ್ ಸೊಪ್ಪಿನ ನಾಲ್ಕು ಮಡಿ. ಮುಂಬೈಯಲ್ಲಿ ಅವಳಿಗೆ ಸಿಕ್ಕ ಹೊಲ ಅಂದರೆ ಅಷ್ಟೇ. ಆ ವರ್ಷದ ಅಮಾವಾಸ್ಯೆಗೆ ಅಲ್ಲೇ ಚೆಲ್ಲಿದಳು. ಒಮ್ಮೆ ಉಣಿಸಿದವಳನ್ನು ಉಪವಾಸ ಕೆಡವಬಾರದು ಅಂತ ಮರುದಿನವೂ ಒಂದು ಹಿಡಿ, ಅದರ ಮರುದಿನವೂ ಒಂದು ಹಿಡಿ. ಮೂರು ತಿಂಗಳು ಹಾಗೇ ನಡೆಯಿತು.

ಭೂತಾಯಿ ಉಂಡಳೋ ಇಲ್ಲವೋ, ಹೆಗ್ಗಣಗಳು ಉಂಡವು. ಸಾಲುಗಟ್ಟಿ ಬಂದವು. ಅವುಗಳ ಹೆಜ್ಜೆಯ ಸಪ್ಪಳ ಹಿಡಿದು, ಅಕಾಲಕ್ಕೆ ಸುರಿದ ಒಂದು ದೊಡ್ಡ ಮಳೆಯ ನೀರಿನಲ್ಲಿ, ಖಾಡಿಯಿಂದ ಗಪ್ಪ್ಯಾ ಬಂತು. ಪುಲಿಯಾ ಕೆಳಗೆ, ನೀರು ಇಕ್ಕಟ್ಟಾಗಿ ಹರಿಯುವ ಕಡೆ, ಒಂದು ಗುಂಡಿಯಲ್ಲಿ ಮಲಗಿತು. ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಗಂಗುಬಾಯಿ ನೋಡುತ್ತಿದ್ದಂತೆ ಎರಡು ವೇಫರಿನ ಪಾಕೀಟುಗಳ ನಡುವೆ ನಾಲಾದ ತಳವೇ ಬಾಯಿ ತೆರೆದು ಒಂದು ಹೆಗ್ಗಣವನ್ನು ನುಂಗಿತು. ಆವತ್ತೇ ಅವಳು ಹಿಡಿ ಹಾಕುವುದನ್ನು ನಿಲ್ಲಿಸಿದಳು. ನಾನೇ ಕರೆದ ಹೆಗ್ಗಣ, ನನ್ನ ಮಂದಿಯ ಕಾಲಿಗೇ ಬರುತ್ತಿದ್ದವಲ್ಲ ಅಂತ ಹಣೆ ಹಣೆ ಬಡಿದುಕೊಂಡಳು. ಗಪ್ಪ್ಯಾ ಮಾತ್ರ ಅಲ್ಲೇ ಉಳಿಯಿತು. ಆಮೇಲೆ ಎರಡು ಮಳೆಗಾಲ ಕಳೆದವು. ಝೋಪಡಪಟ್ಟಿಯಲ್ಲಿ ಒಬ್ಬರಿಗೂ ಲೆಪ್ಟೋ ಬರಲಿಲ್ಲ.

ಮೂರನೇ ವರ್ಷ ಏಪ್ರಿಲಿನಲ್ಲಿ ಅದರ ಗಂಟಲು ಉಬ್ಬಿತು. ಯಾವ ದಿನ ಉಬ್ಬಿತು ಅನ್ನುವುದು ಗಂಗುಬಾಯಿಗೆ ಪಕ್ಕಾ ಗೊತ್ತಿಲ್ಲ. ಮಗ ಸೋಮನಾಥ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದು ಅಲ್ಲೇ ಮನೆ ಮಾಡಿದ್ದಾನೆ. ಮೊಮ್ಮಗಳ ಜವಳ ಅಂತ ಅವಳು ಎರಡು ದಿನ ಅಲ್ಲಿಗೆ ಹೋಗಿದ್ದಳು. ಬಂದು ನೋಡಿದರೆ ಬಾಯಿ ಮುಚ್ಚಿ ಬಸುರಿ ಮಲಗಿತ್ತು. ಅವತ್ತಿನಿಂದ ಎಣಿಸತೊಡಗಿದಳು.

ಮೇ ತಿಂಗಳಲ್ಲಿ ಸೊಸೈಟಿಯ ಚೇರ್ಮನ್ ಹಿತೇಶನ ಮನೆಯ ನಾಯಿ ಕಾಣೆಯಾಯಿತು. ಚೀಕು ಅಂತ ಹೆಸರು, ಬೆಳ್ಳಗೆ ಮುದ್ದೆಯಾಗಿತ್ತು. ಹಿತೇಶನ ಹೆಂಡತಿ ಜ್ಯೋತ್ಸ್ನಾ ಎರಡು ದಿನ ಅನ್ನ ಬಿಟ್ಟು ಅತ್ತಳು. ಅವಳ ದುಃಖ ಸುಳ್ಳಲ್ಲ. ಆದರೆ ಮೂರನೇ ದಿನ ಯಾರೋ ಪುಲಿಯಾ ಕೆಳಗೆ ಟಾರ್ಚು ಬಿಟ್ಟು ನೋಡಿ, ಅಯ್ಯೋ ರಾಕ್ಷಸ, ಗಂಟಲು ನೋಡಿ ಹೇಗೆ ಉಬ್ಬಿದೆ, ಒಳಗೆ ಚೀಕು ಇದೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ! ಸಂಜೆಗೇ ಮೀಟಿಂಗ್ ಕರೆದರು. ಮಳೆಗಾಲಕ್ಕೆ ಮುಂಚೆ ನಾಲಾದ ಆ ಭಾಗಕ್ಕೆ ಹೇಗೂ ಕಾಂಕ್ರೀಟ್ ಹಾಕುವುದಿದೆ, ಆ ಗುಂಡಿಯನ್ನೂ ಅದರಲ್ಲಿರುವುದನ್ನೂ ಸೇರಿಸಿ ಮುಚ್ಚಿಬಿಡೋಣ ಅಂತ ಹಿತೇಶ ಹೇಳಿದ. ಎಲ್ಲರೂ ಕೈ ಎತ್ತಿದರು.

ಗಂಗುಬಾಯಿ ಮೂಲೆಯಲ್ಲಿ ನಿಂತಿದ್ದಳು. ಅವಳಿಗೆ ಕುರ್ಚಿ ಇರಲಿಲ್ಲ, ಬಿಡಿ. "ಸಾಹೇಬರ, ಅದು ಬಸುರಿ" ಅಂದಳು ಹಿಂದಿಯಲ್ಲಿ. "ಬಾಯಿ ತುಂಬ ತತ್ತಿ ಅದಾವು. ತುಟಿ ತೆರೆಯಲಾರದ ಪ್ರಾಣಿ ನಾಯಿ ಹೆಂಗ ತಿಂತದ? ಮೆಟ್ಟಿಲು ಹತ್ತಲಾರದ್ದು ನಿಮ್ಮ ಅಂಗಳಕ್ಕ ಹೆಂಗ ಬರ್ತದ? ಒಂದು ವಾರ ತಡೀರಿ, ಮರಿ ಬಿಟ್ಟ ತಾನ ಖಾಡಿಗೆ ಸರೀತದ. ಅದು ಸತ್ತರ ಹೆಗ್ಗಣ ತಿರುಗಿ ಬರ್ತಾವು. ನಮ್ಮ ಕಡೆ ಮಂದಿ ಸಾಯ್ತಾರ."

"ಅದು ಇಲ್ಲಿಗೆ ಬಂದದ್ದು ಹೇಗೆ? ಅದನ್ನು ಹೇಳು" ಅಂದ ಹಿತೇಶ.

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಚರಗ ಚೆಲ್ಲಿದ್ದು, ದಿನಾ ಹಿಡಿ ಹಾಕಿದ್ದು, ಹೆಗ್ಗಣ ಬಂದದ್ದು, ಎಲ್ಲ ಹೇಳಿಬಿಟ್ಟಳು. ನಿಜ ಹೇಳಿದರೆ ನಿಜ ಕೇಳುತ್ತಾರೆ ಅಂತ ಅವಳ ನಂಬಿಕೆ. ಏನು ಬಂತು ಭಾಗ್ಯ? "ನೋಡಿ, ಇವಳೇ ಸಾಕಿದ್ದು!" ಅಂತ ಇಡೀ ಮೀಟಿಂಗ್ ಅವಳ ಕಡೆ ತಿರುಗಿತು. ನಾಯಿಯ ಕ್ರಯ ಅವಳ ಪಗಾರದಲ್ಲಿ ಹಿಡಿಯಬೇಕು ಅಂತ ಒಬ್ಬ ಅಂದ. ಅದನ್ನೂ ಇಬ್ಬರು ಬರೆದುಕೊಂಡರು.

ಮಗ ಫೋನ್ ಮಾಡಿದ. "ಆಯಿ, ಬಸ್ ಕರ್. ನೋಕ್ರಿ ಹೋಗ್ತದ. ಏಕ್ ಜಾನವರ್ ಕೆ ಲಿಯೇ ಯಾಕ ಟೆನ್ಷನ್ ತಗೋತಿ?"

"ನಿಮ್ಮಪ್ಪನ ಕೊಂದದ್ದೂ ಜಾನವರನ ಇತ್ತು, ಹೆಗ್ಗಣ" ಅಂದಳು. "ಆವತ್ತು ನಿಂಗ ಟೆನ್ಷನ್ ಆಗಿತ್ತಿಲ್ಲೋ, ಖೋಡಿ?" ಸೋಮನಾಥ ಫೋನ್ ಇಟ್ಟ.

ಮಂಗಳವಾರ ಹತ್ತೂವರೆಗೆ ಕಾಂಕ್ರೀಟಿನ ಗಾಡಿ ಬಂತು. ಬೆನ್ನ ಮೇಲೆ ದೊಡ್ಡ ಡ್ರಮ್ ಗರಗರ ತಿರುಗುತ್ತಿರುತ್ತದಲ್ಲ, ಆ ಗಾಡಿ. ಕೂಲಿಯವರ ಮುಕಾದಮ ಗದಿಗೆಪ್ಪ; ಸಂಗಪ್ಪನ ಜೋಡಿ ಹತ್ತು ವರ್ಷ ಗಟಾರ ಇಳಿದವನು. ಅವನ ಹಿಂದೆ ಆರು ಜನ, ಅವರೂ ಬರಿಗಾಲಿನವರೇ. ಗದಿಗೆಪ್ಪ ಕಾಂಕ್ರೀಟು ಜಾರಿಸುವ ತಗಡಿನ ಪನ್ನಾಳವನ್ನು ಗುಂಡಿಯ ಕಡೆ ತಿರುಗಿಸಿ ಇಡುತ್ತಿದ್ದಂತೆ ಗಂಗುಬಾಯಿ ಸೀರೆಯ ಕಚ್ಚೆ ಬಿಗಿದು, ಗೋಡೆಯ ಮೆಟ್ಟಿಲಿಳಿದು, ನಾಲಾದಲ್ಲಿ ಬಿದ್ದಿದ್ದ ಒಂದು ಸಿಮೆಂಟಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳ ಮೊಣಕಾಲಿಗೂ ಗಪ್ಪ್ಯಾನ ಮೂತಿಗೂ ನಡುವೆ ಒಂದೇ ಮೊಳ.

"ಯಕ್ಕಾ! ಹುಚ್ಚ ಹಿಡದದೇನು? ಮ್ಯಾಲ ಬಾ!" ಗದಿಗೆಪ್ಪ ಕೂಗಿದ.

"ಎಷ್ಟ ತಾಸಿಗೆ ಆ ಗಾಡ್ಯಾಗಿಂದು ಗಟ್ಟಿ ಆಗ್ತದೋ ತಮ್ಮಾ?"

"ಮೂರು ತಾಸು, ಹೆಚ್ಚಂದ್ರ."

"ಹಂಗಾದ್ರ ಮೂರು ತಾಸು ನನ್ನ ಮಾತಾಡಿಸಬ್ಯಾಡ" ಅಂದಳು. ಅದು ಅವತ್ತು ನಾಲಾದಲ್ಲಿ ಅವಳು ಆಡಿದ ಕೊನೆಯ ಮಾತು.

ಯಾಕೆ ಸುಮ್ಮನಾದಳು? ಎಣಿಕೆ ಪಕ್ಕಾ ಇರಲಿಲ್ಲ, ಅದಕ್ಕೆ. ಅವತ್ತಿಗೆ ಮೂವತ್ತೆಂಟು ದಿನ ಆಗಿದ್ದರೆ ಅದರ ಬಾಯಿ ಹೊಲಿದದ್ದು, ಭಯವಿಲ್ಲ. ನಲವತ್ತಾಗಿದ್ದರೆ ಯಾವ ಗಳಿಗೆಯಲ್ಲಾದರೂ ಬಾಯಿ ಬಿಡಬಹುದು. ಬಿಟ್ಟ ಮೇಲೆ ಕೈ ಆಡಿಸಿದರೆ ಕೈ ಹೋಯಿತು. ಮಾತಾಡಿದರೆ ಮೈ ಅಲುಗುತ್ತದೆ, ಕೆಸರಿನಲ್ಲಿ ಊರಿದ ಆ ಮೀಸೆಗೆ ಅಷ್ಟೇ ಸಾಕು. ಕೂತಲ್ಲಿಂದ ಅದರ ತುಟಿಯ ಗೆರೆ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡೂ ಕೈ ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತ ಕೂತಳು.

ಮೇಲೆ ಗೋಡೆಗುಂಟ ಸೊಸೈಟಿಯ ಜನ ಸೇರಿದರು. ಮೊಬೈಲುಗಳು ಹೊರಬಿದ್ದವು. ಗಂಗುಬಾಯಿ ಬಾಯಿ ಮುಚ್ಚಿದ್ದಾಳೆ ಅನ್ನುವುದು ತಿಳಿದದ್ದೇ ತಡ, ಇಪ್ಪತ್ತೆರಡು ವರ್ಷದ ಬಾಕಿಯೆಲ್ಲ ಹೊರಗೆ ಬಂತು. ಕುಡಿದಿದ್ದಾಳೆ ಅಂದರು. ಮೈಮೇಲೆ ದೇವರು ಬಂದಿದೆ ಅಂದರು. ದುಡ್ಡು ಕೀಳಲಿಕ್ಕೆ ನಾಟಕ ಅಂದರು. ದೀಪಾವಳಿಗೆ ಕೊಟ್ಟ ಹಳೇ ಸೀರೆಯನ್ನು ಎರಡನೇ ಮಾಳಿಗೆಯವಳು ಎತ್ತಿ ಆಡಿದಳು. ಒಂದೊಂದು ಮಾತಿಗೂ ಗಂಗುಬಾಯಿಯ ನಾಲಿಗೆಯ ತುದಿಯಲ್ಲಿ ಹತ್ತತ್ತು ಉತ್ತರ ಸಿದ್ಧವಿತ್ತು. ಆ ಸೀರೆಯಲ್ಲಿ ನಿನ್ನ ಮನೆಯ ಜಿರಳೆ ಎಷ್ಟು ಇದ್ದವು ಅಂತ ಹೇಳಲೇನು ಅಂತ ಗಂಟಲವರೆಗೆ ಬಂತು. ನುಂಗಿದಳು. ಒಂದು ನೊಣ ಬಂದು ಮೇಲ್ದುಟಿಯ ಮೇಲೆ ಕೂತಿತು. ಅದನ್ನೂ ಓಡಿಸಲಿಲ್ಲ. ಸಿಟ್ಟಿಗೆ ಕಣ್ಣಿನಲ್ಲಿ ನೀರು ಬಂದು ಗಲ್ಲದ ಮೇಲೆ ಇಳಿಯಿತು. ಅಳುತ್ತಿದ್ದಾಳೆ, ಈಗ ದಾರಿಗೆ ಬಂದಳು ಅಂತ ಮೇಲಿನವರು ಅಂದುಕೊಂಡರು.

ಹನ್ನೆರಡೂಕಾಲಿಗೆ ಜ್ಯೋತ್ಸ್ನಾಳ ಫೋನ್ ರಿಂಗಾಯಿತು. ಸ್ಟೇಷನ್ ಹತ್ತಿರದ ಪಾನ್ ಅಂಗಡಿಯವನು ಮಾತಾಡುತ್ತಿದ್ದ. ನಿಮ್ಮ ನಾಯಿ ವಾರದಿಂದ ನನ್ನ ಹತ್ತಿರವೇ ಇದೆ, ಕೊರಳ ಪಟ್ಟಿಯ ಮೇಲಿನ ನಂಬರ್ ಅಳಿಸಿ ಹೋಗಿತ್ತು, ಇವತ್ತು ಗಿರಾಕಿಯೊಬ್ಬರು ಗುರುತು ಹಿಡಿದರು ಅಂದ. ಜ್ಯೋತ್ಸ್ನಾ ಕೂಗಿಕೊಂಡು ರಿಕ್ಷಾ ಹಿಡಿದು ಓಡಿದಳು. ಸುದ್ದಿ ಗೋಡೆಗುಂಟ ಹಬ್ಬಿತು. ಕೆಲವರು ಮೊಬೈಲು ಒಳಗಿಟ್ಟರು.

ಇಷ್ಟಾದ ಮೇಲೆ ಯಾವ ಮನುಷ್ಯನಾದರೂ ಏನು ಮಾಡಬೇಕು? ತಪ್ಪಾಯಿತು ಅನ್ನಬೇಕು, ಗಾಡಿ ಹಿಂದಕ್ಕೆ ಕಳಿಸಬೇಕು. ಹಿತೇಶ ಏನಂದ ಗೊತ್ತೇ? "ಈ ಸಲ ತಿಂದಿಲ್ಲ, ಮುಂದಿನ ಸಲ ತಿನ್ನುತ್ತದೆ. ಗಾಡಿ ಬಂದಾಗಿದೆ. ಕೆಲಸ ನಿಲ್ಲಬಾರದು." ಅಪರಾಧ ಹೋಯಿತು, ಶಿಕ್ಷೆ ಮಾತ್ರ ನಿಂತೇ ನಿಂತಿತು. ಗದಿಗೆಪ್ಪ ಪನ್ನಾಳ ಹಿಡಿದುಕೊಂಡೇ ತಲೆ ಕೆಳಗೆ ಹಾಕಿದ. ಗಾಡಿಯ ಡ್ರೈವರ್ ವಾಚು ನೋಡಿಕೊಂಡು ಹಾರ್ನ್ ಹೊಡೆದ.

ಒಂದು ಗಂಟೆಯ ಸುಮಾರಿಗೆ ಅದರ ತುಟಿಯ ಗೆರೆ ಒಂದು ಕಡೆ ಬಿರಿಯಿತು.

ಗಂಗುಬಾಯಿ ಕಾಲ್ಬೆರಳನ್ನೂ ಅಲುಗಿಸಲಿಲ್ಲ. ಉಸಿರು ಸಣ್ಣದು ಮಾಡಿದಳು. ಬಿರುಕಿನಿಂದ ಹುಣಸೆ ಬೀಜದಷ್ಟು ಕಪ್ಪನೆಯದೊಂದು ಹೊರಬಿತ್ತು, ಅದಕ್ಕೊಂದು ಬಾಲ. ಅದರ ಹಿಂದೆ ಇನ್ನೊಂದು, ಹಿಂದೆ ಹತ್ತು, ಆಮೇಲೆ ಲೆಕ್ಕವಿಲ್ಲ. ಆ ಹೊಲಸು ನೀರಿನಲ್ಲಿ ಅವು ಒಂದನ್ನೊಂದು ನೂಕುತ್ತ ಅವಳ ಪಾದದ ಸುತ್ತ ಸುಳಿದು ಖಾಡಿಯ ದಿಕ್ಕಿಗೆ ಹರಿದುಹೋದವು. ತಾಯಿಯ ಗಂಟಲು ಇಳಿಯುತ್ತ ಬಂತು. ತಾಯಿ ಒಮ್ಮೆ ಬಾಯಿ ಅಗಲಿಸಿತು. ಒಳಗೆ ಸ್ವಚ್ಛ ಗುಲಾಬಿ ಬಣ್ಣ. ಆಮೇಲೆ ಇಷ್ಟು ದಿನ ಏಟು ಕಾಣದೆ ಎಳೆದೇ ಇದ್ದ ದವಡೆಯನ್ನು ಬಿಗಿಹಿಡಿದು ಸುಮ್ಮನಾಯಿತು. ನಲವತ್ತು ದಿನ ಏನೂ ತಿನ್ನದ ಪ್ರಾಣಿ, ಒಂದು ಮೊಳ ದೂರದಲ್ಲಿ ಅವಳು. ಯಲ್ಲಮ್ಮ ತಾಯಿ, ನಾ ಇಲ್ಲಿ ಇಲ್ಲವೇ ಇಲ್ಲ ಅಂತ ಅದಕ್ಕ ತಿಳಿಯೂಹಂಗ ಮಾಡು ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ತೊಡೆ ಮರಗಟ್ಟಿತ್ತು, ಸೊಂಟದಲ್ಲಿ ಚಳಕು. ಗುಲಗಂಜಿ ಕಣ್ಣು ಅವಳ ಮೇಲೆ ಹಾದುಹೋಗಿ ಆಚೆ ಸರಿಯಿತು.

ಗೋಡೆಯ ಮೇಲಿನವರಿಗೆ ಮರಿಗಳು ಕಾಣಿಸಲಿಲ್ಲ. ಗದಿಗೆಪ್ಪನಿಗೆ ಮಾತ್ರ ಕಂಡವು. ಅವನು ಪನ್ನಾಳ ಕೆಳಗಿಟ್ಟು, ಆರೂ ಜನ ಕೂಲಿಯವರನ್ನು ಕರೆದು ತೋರಿಸಿದ. ಅವರು ಬಗ್ಗಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಲಿಕೆಗಳನ್ನು ಗೋಡೆಗೆ ಆನಿಸಿಟ್ಟರು.

ಹಿತೇಶನ ಸಹನೆ ಮುಗಿಯಿತು. ಎಲ್ಲಿಂದಲೋ ಒಂದು ಬಿದಿರಿನ ಕೋಲು ತಂದು ಮೆಟ್ಟಿಲು ಇಳಿಯತೊಡಗಿದ. "ಸತ್ತು ಬಿದ್ದಿದೆ ಅದು. ನೋಡಿ, ನಾನೇ ತಿವಿದು ತೋರಿಸುತ್ತೇನೆ. ಏಳು ಬಾಯಿ, ಏಳು ಮೇಲೆ!" ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಇನ್ನೂ ಎರಡು ಇಳಿದರೆ ಅವನ ಕಾಲು ಅದರ ಎದುರಿಗೇ. ಗಂಗುಬಾಯಿ ಕಣ್ಣಂಚಿನಲ್ಲೇ ನೋಡಿದಳು. ಇಳೀಲಿ, ಅವನ ಕಾಲು ಹೋದರೆ ನನಗೇನು ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಇಷ್ಟು ಹೊತ್ತು ಬಿಗಿಹಿಡಿದ ಸಿಟ್ಟು ಅದು, ದೇವರೇ ಬಂದರೂ ಆ ಗಳಿಗೆಯಲ್ಲಿ ಅವಳನ್ನು ತಪ್ಪು ಅನ್ನಲಾರ. ಆದರೂ ಅವಳು ಮೇಲಿದ್ದ ಗದಿಗೆಪ್ಪನ ಕಡೆ ರೆಪ್ಪೆ ಎತ್ತಿ, ಹಿತೇಶನ ಕಡೆ ಇಳಿಸಿದಳು. ಅಷ್ಟೇ. ಗಟಾರದಲ್ಲಿ ಹತ್ತು ವರ್ಷ ಕಣ್ಣಿನಲ್ಲೇ ಮಾತಾಡಿ ಕೆಲಸ ಮಾಡಿದವನಿಗೆ ಅಷ್ಟು ಸಾಕಾಯಿತು. ಗದಿಗೆಪ್ಪ ಹಾರಿ ಹಿತೇಶನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಕೋಲಿನ ತುದಿ ಮಾತ್ರ ಮುಂದೆ ಹೋಗಿ ನೀರಿನ ಮೇಲೆ ಆಡಿತು.

ಥಪ್!

ಏನಾಯಿತು ಅಂತ ಯಾರಿಗೂ ಕಾಣಲಿಲ್ಲ. ರಾಡಿ ಎದ್ದು ಗೋಡೆಯ ಮೇಲಿನವರ ಮುಖಕ್ಕೆ ಸಿಡಿಯಿತು. ಹಿತೇಶ ಮೆಟ್ಟಿಲ ಮೇಲೆ ಕುಂಡಿ ಊರಿ ಕೂತಿದ್ದ, ಕೈಯಲ್ಲಿ ಅರ್ಧ ಕೋಲು. ಇನ್ನರ್ಧ ಸಿಗಿದುಕೊಂಡು ನೀರಿನಲ್ಲಿ ತೇಲುತ್ತಿತ್ತು.

ಗಂಗುಬಾಯಿ ಮೊಣಕಾಲಿಗೆ ಕೈ ಊರಿ ಎದ್ದಳು. ಇನ್ನು ನಾಳೆ ಈ ಹೊತ್ತಿನವರೆಗೆ ಅದು ಯಾರನ್ನೂ ಏನೂ ಮಾಡಲಾರದು ಅಂತ ಅವಳಿಗೆ ಗೊತ್ತು. ಅದರ ಪಕ್ಕದಲ್ಲೇ ಕಾಲಿಟ್ಟು, ಬಾಗಿ, ತೇಲುತ್ತಿದ್ದ ಕೋಲಿನ ತುಂಡನ್ನು ದೂರ ಸರಿಸಿದಳು. ಗಪ್ಪ್ಯಾ ಮೈಯನ್ನು ಕೆಸರಿನಲ್ಲಿ ಉಜ್ಜಿಕೊಂಡು, ಬೆನ್ನ ಮೇಲಿನ ಪಾಕೀಟುಗಳ ಸಮೇತ, ಮರಿಗಳು ಹೋದ ಕಡೆಗೆ ನಿಧಾನಕ್ಕೆ ತೆವಳಿತು.

"ಸುರಿಯಿರಿ! ನೋಡಿದಿರಲ್ಲ, ನನ್ನನ್ನೇ ತಿನ್ನಲಿಕ್ಕೆ ಬಂತು!" ಹಿತೇಶ ಕೂಗಿದ.

"ಅದು ಬರಲಿಲ್ರಿ ಸಾಹೇಬರ, ನೀವ ಹೋಗಿದ್ರಿ" ಅಂದ ಗದಿಗೆಪ್ಪ. "ನಮ್ಮ ಕೈಲೆ ಆಗೂದಿಲ್ಲ. ನಾಳಿಗೆ ಈ ನೀರಾಗ ಇಳಿಯೂ ಕಾಲು ನಮ್ಮವು."

ಡ್ರೈವರ್ ಯಾರ ಮಾತಿಗೂ ಕಾಯಲಿಲ್ಲ. ಡ್ರಮ್ಮಿನಲ್ಲಿ ಮಾಲು ಗಟ್ಟಿಯಾದರೆ ಅವನ ನೌಕರಿ ಹೋಗುತ್ತದೆ. ರಿವರ್ಸ್ ಹಾಕಿ, ಗೇಟು ದಾಟಿ ಹೊರಟೇ ಹೋದ. ಮಳೆಗಾಲದ ಮುಂಚಿನ ಕೆಲಸಕ್ಕೆ ಇನ್ನೊಂದು ಗಾಡಿ ಸಿಗುವಂತಿರಲಿಲ್ಲ.

ಗಂಗುಬಾಯಿ ಮೆಟ್ಟಿಲು ಹತ್ತಿ ಬಂದಳು. ಮಂಡಿಯವರೆಗೆ ರಾಡಿ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಈಗ ಬಾಯಿ ತೆರೆಯುತ್ತಾಳೆ, ಈಗ ಮೂರು ಭಾಷೆಯಲ್ಲಿ ಹಾಡುತ್ತಾಳೆ ಅಂತ ಎಲ್ಲರೂ ಮೈ ಬಿಗಿಹಿಡಿದು ನಿಂತಿದ್ದರು. ಚೀಕುವನ್ನು ಎದೆಗೆ ಅವಚಿಕೊಂಡು ಜ್ಯೋತ್ಸ್ನಾ ಅದೇ ತಾನೇ ರಿಕ್ಷಾದಿಂದ ಇಳಿದಿದ್ದಳು. ಹಿತೇಶ ಪ್ಯಾಂಟು ಝಾಡಿಸಿಕೊಳ್ಳುತ್ತ ಮುಂದೆ ಬಂದ. "ನಾಳೆ ಬೆಳಿಗ್ಗೆ ಆಫೀಸಿಗೆ ಬಾ. ನಿನ್ನ ವಿಚಾರ ಮಾತಾಡಬೇಕು. ಅದಕ್ಕೆ ಮುಂಚೆ ಈ ರಾಡಿಯೆಲ್ಲ ತೊಳೆದು, ಅಂಗಳ ಗುಡಿಸಿ ಹೋಗು" ಅಂದ.

ಅವಳು ಬಯ್ಯಲಿಲ್ಲ. ಸ್ವರವನ್ನೂ ಏರಿಸಲಿಲ್ಲ. ಎಲ್ಲರಿಗೂ ತಿಳಿಯಲಿ ಅಂತ ಹಿಂದಿಯಲ್ಲೇ ಅಂದಳು.

"ಸಂಗಪ್ಪ ಸತ್ತ ದಿನ ರಜಾ ಕೇಳಿದ್ದೆ. ಅಂಗಳ ಗುಡಿಸಿ ಹೋಗು ಅಂದ್ರಿ. ಗುಡಿಸಿ ಹೋದೆ. ದವಾಖಾನೆ ಮುಟ್ಟೋದ್ರಾಗ ಅವನ ಮುಖದ ಮೇಲೆ ಬಟ್ಟೆ ಎಳೆದಿದ್ರು. ಇವತ್ತು ನೀವೇ ಗುಡಿಸಿಕೊಳ್ರಿ."